ಅರ್ಜಿಯ ಹಕ್ಕು: ಜಾನ್ ಕ್ವಿನ್ಸಿ ಆಡಮ್ಸನ ರಾಜಕೀಯ ಜೀವನ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗವು ಅಧ್ಯಕ್ಷನ ಅಧಿಕಾರಗಳನ್ನೂ ಕರ್ತವ್ಯಗಳನ್ನೂ ನಿರೂಪಿಸುತ್ತದೆ. ಅಧಿಕಾರಾವಧಿ ಮುಗಿದ ಮೇಲೆ ಆತನು ಯಾವ ಬಾಳನ್ನು ಬಾಳಬೇಕೆಂಬ ವಿಷಯದಲ್ಲಿ ಮೌನವಾಗಿದೆ. ಮೊದಮೊದಲಿನ ಅಧ್ಯಕ್ಷರು ಪದವಿಯನ್ನು ಬಿಟ್ಟೊಡನೆ ತಮ್ಮ ತಮ್ಮ ಹುಟ್ಟೂರುಗಳಿಗೂ ಜಮೀನುಗಳಿಗೂ ಹಿಂದಿರುಗಿ, ಪತ್ರವ್ಯವಹಾರದಲ್ಲಿಯೂ ಕೃಷಿಯಲ್ಲಿಯೂ ಕಾಲ ಕಳೆದರು. ಇದೊಂದು ಬಗೆಯ ವಾನಪ್ರಸ್ಥ. ಆರನೆಯ ಅಧ್ಯಕ್ಷನಾದ ಜಾನ್ ಕ್ವಿನ್ಸಿ ಆಡಮ್ಸ್ (೧೭೬೭–೧೮೪೮) ಈ ಸಂಪ್ರದಾಯವನ್ನು ಮುರಿದನು. ೧೮೨೯ರಲ್ಲಿ ಅಧ್ಯಕ್ಷ ಪದವಿಯಿಂದ ಇಳಿದ ಆತನು ೧೮೩೧ರಲ್ಲಿ ಪ್ರತಿನಿಧಿ ಸಭೆಯ ಸಾಮಾನ್ಯ ಸದಸ್ಯನಾಗಿ ಮರಳಿ ಬಂದು, ಮರಣಪರ್ಯಂತ ಅಲ್ಲಿಯೇ ಸೇವೆ ಸಲ್ಲಿಸಿದನು. ಮುಂದೆ ೧೮೭೫ರಲ್ಲಿ ಆಂಡ್ರೂ ಜಾನ್ಸನ್ ಸೆನೆಟ್ಟನ್ನು ಸೇರಿದುದುಂಟು. ೧೯೨೧ರಲ್ಲಿ ಟಾಫ್ಟ್ ಶ್ರೇಷ್ಠ ನ್ಯಾಯಾಧೀಶನಾದುದುಂಟು. ಆದರೆ ಅಧ್ಯಕ್ಷ ಪದವಿಯ ತರುವಾಯ ಪ್ರತಿನಿಧಿ ಸಭೆಯಲ್ಲಿ ಕುಳಿತವನು ಆಡಮ್ಸನೊಬ್ಬನೇ.

ಆತನ ಅಧ್ಯಕ್ಷತೆಯ ನಾಲ್ಕು ವರ್ಷಗಳು ಬಹುಮಟ್ಟಿಗೆ ವಿಫಲವಾದುವೆಂದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಶಾಸನಸಭೆಯ ಹದಿನೇಳು ವರ್ಷಗಳಾದರೋ ಆತನ ಹೆಸರನ್ನು ಶಾಶ್ವತಗೊಳಿಸಿದುವು. ಅಧಿಕಾರವಿದ್ದಾಗ ಸಾಧಿಸಲಾರದೆ ಹೋದವನು ಅಧಿಕಾರವಿಲ್ಲದಾಗ ಸಾಧಿಸಿದುದು ಏನನ್ನು, ಹೇಗೆ? ಪ್ರಜೆಯು ಸಲ್ಲಿಸಿದ ಅರ್ಜಿಯು ಅಪ್ರಿಯವಾಗಿದ್ದರೂ ಶಾಸನಸಭೆಯು ಅದನ್ನು ಕೇಳಲೇಬೇಕೇ ಎಂಬ ಒಂದು ಪ್ರಶ್ನೆಯನ್ನು ಹಿಡಿದು ಆತನು ಎಂಟು ವರ್ಷಕ್ಕೂ ಮಿಕ್ಕಿ ಹೋರಾಡಿದನು. ಆ ಹೋರಾಟದ ಸ್ವರೂಪವನ್ನು ಆತನ ಜೀವನದ ಹಿನ್ನೆಲೆಯಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

೧. ಬಾಲ್ಯ, ವಿದ್ಯಾಭ್ಯಾಸ, ರಾಯಭಾರ

ಆಡಮ್ಸನು ೧೭೬೭ರ ಜುಲೈ ೧೧ರಂದು ಮ್ಯಾಸಚೂಸೆಟ್ಸಿನ ಬ್ರೇನ್‌ಟ್ರೀ ಎಂಬ ಊರಿನಲ್ಲಿ ಜನಿಸಿದನು. ಅವನು ಹುಟ್ಟಿದ ಆ ಭಾಗಕ್ಕೆ ಮುಂದೆ ಕ್ವಿನ್ಸಿ ಎಂದು ಹೆಸರಾಯಿತು. ತಂದೆ ಜಾನ್ ಆಡಮ್ಸ್ ಸ್ವಾತಂತ್ರ್ಯ ಚಳವಳಿಯ ನಾಯಕರಲ್ಲೊಬ್ಬ, ಮುಂದೆ ದೇಶದ ಎರಡನೆಯ ಅಧ್ಯಕ್ಷ. ತಾಯಿ ಅಬಿಗೇಲ್ ತನ್ನ ಪತ್ರಗಳಿಂದ ಪ್ರಸಿದ್ಧಳಾದ ವಿಚಾರವಂತೆ. ೧೭೭೫ರ ಜೂನ್ ತಿಂಗಳಲ್ಲಿ ಬಂಕರ್ ಹಿಲ್ ಕದನ ನಡೆಯುತ್ತಿದ್ದಾಗ, ಏಳು ವರ್ಷದ ಈ ಬಾಲಕನು ತಾಯಿಯ ಕೈಹಿಡಿದು ಮನೆಯ ಬಳಿಯ ಗುಡ್ಡವನ್ನೇರಿ, ಚಾರ್ಲ್ಸ್‌ಟೌನ್ ಉರಿಯುವುದನ್ನು ಕಣ್ಣಾರೆ ಕಂಡನು. ದೇಶದ ಹುಟ್ಟನ್ನು ಪುಸ್ತಕದಿಂದಲ್ಲದೆ ಕಣ್ಣಿನಿಂದ ಅರಿತ ಕೊನೆಯ ತಲೆಮಾರಿಗೆ ಅವನು ಸೇರಿದವನು.

೧೭೭೮ರಲ್ಲಿ ತಂದೆಯೊಡನೆ ಯೂರೋಪಿಗೆ ಹೋದ ಅವನು ಫ್ರಾನ್ಸಿನಲ್ಲಿಯೂ ಹಾಲೆಂಡಿನ ಲೈಡನ್ನಿನಲ್ಲಿಯೂ ವ್ಯಾಸಂಗ ಮಾಡಿದನು. ೧೭೮೧ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಫ್ರಾನ್ಸಿಸ್ ಡೇನ ಎಂಬ ರಾಯಭಾರಿಗೆ ಫ್ರೆಂಚ್ ಭಾಷೆಯ ಸಹಾಯಕನಾಗಿ ರಷ್ಯದ ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಪ್ರಯಾಣ ಮಾಡಿದನು. ೧೭೭೯ರಲ್ಲಿ ಬರೆಯತೊಡಗಿದ ದಿನಚರಿಯನ್ನು ಅವನು ಬಾಳಿನ ಕೊನೆಯ ದಿನಗಳವರೆಗೂ ಬಿಡಲಿಲ್ಲ. ಐವತ್ತೊಂದು ಸಂಪುಟಗಳ ಆ ದಿನಚರಿಯು ಆ ಕಾಲದ ಅಮೆರಿಕದ ರಾಜಕೀಯವನ್ನು ತಿಳಿಯುವುದಕ್ಕೆ ಇಂದಿಗೂ ಒಂದು ಮುಖ್ಯ ಆಧಾರ. ೧೭೮೭ರಲ್ಲಿ ಹಾರ್ವರ್ಡಿನಿಂದ ಪದವಿ ಪಡೆದು, ನ್ಯಾಯಶಾಸ್ತ್ರವನ್ನು ಅಭ್ಯಾಸ ಮಾಡಿ, ೧೭೯೦ರಲ್ಲಿ ವಕೀಲನಾದನು.

೧೭೯೪ರಲ್ಲಿ ವಾಷಿಂಗ್ಟನ್ ಅವನನ್ನು ಹಾಲೆಂಡಿಗೆ ರಾಯಭಾರಿಯಾಗಿ ನೇಮಿಸಿದನು. ಬಳಿಕ ಪ್ರಷ್ಯಕ್ಕೂ ಹೋದನು. ೧೮೦೩ರಲ್ಲಿ ಫೆಡರಲಿಸ್ಟ್ ಪಕ್ಷದ ಪರವಾಗಿ ಸೆನೆಟ್ಟನ್ನು ಪ್ರವೇಶಿಸಿದನು. ಆದರೆ ೧೮೦೭ರಲ್ಲಿ ಅಧ್ಯಕ್ಷ ಜೆಫರ್ಸನ್ ವಿದೇಶ ವ್ಯಾಪಾರವನ್ನು ನಿರ್ಬಂಧಿಸಿದಾಗ, ತನ್ನ ಪಕ್ಷದವರೆಲ್ಲರೂ ವಿರೋಧಿಸಿದರೂ ದೇಶದ ಗೌರವಕ್ಕೆ ಅದು ಅವಶ್ಯವೆಂದು ಭಾವಿಸಿ ಬೆಂಬಲಿಸಿದನು. ಅದರ ಫಲವಾಗಿ ಮ್ಯಾಸಚೂಸೆಟ್ಸಿನ ಶಾಸನಸಭೆಯು ಅವಧಿ ಮುಗಿಯುವುದಕ್ಕೆ ಮುಂಚೆಯೇ ಅವನ ಸ್ಥಾನಕ್ಕೆ ಮತ್ತೊಬ್ಬನನ್ನು ಆರಿಸಿತು; ಅವನು ೧೮೦೮ರಲ್ಲಿ ರಾಜೀನಾಮೆ ಕೊಟ್ಟನು. ಪಕ್ಷದ ಆಜ್ಞೆಗಿಂತ ತನ್ನ ವಿವೇಚನೆಯನ್ನೇ ಹಿರಿದೆಂದು ಎಣಿಸುವ ಈ ಸ್ವಭಾವವು ಅವನಿಗೆ ಬಾಳಿನುದ್ದಕ್ಕೂ ನಷ್ಟವನ್ನೂ ಕೀರ್ತಿಯನ್ನೂ ಒಟ್ಟಿಗೆ ತಂದಿತು.

ಆ ಬಳಿಕ ರಷ್ಯದಲ್ಲಿ ರಾಯಭಾರಿಯಾಗಿದ್ದು, ಬ್ರಿಟನ್ನಿನೊಡನೆ ೧೮೧೨ರಲ್ಲಿ ಆರಂಭವಾದ ಯುದ್ಧವನ್ನು ಮುಗಿಸಿದ ಘೆಂಟ್ ಒಪ್ಪಂದಕ್ಕೆ ೧೮೧೪ರ ಡಿಸೆಂಬರ್ ೨೪ರಂದು ಸಹಿ ಹಾಕಿದವರಲ್ಲಿ ಅವನೂ ಒಬ್ಬ. ೧೮೧೭ರಿಂದ ೧೮೨೫ರವರೆಗೆ ಅಧ್ಯಕ್ಷ ಮನ್ರೋನ ಕೈಕೆಳಗೆ ವಿದೇಶಾಂಗ ಕಾರ್ಯದರ್ಶಿಯಾಗಿ ಅವನು ಮಾಡಿದ ಕಾರ್ಯ ಅಸಾಧಾರಣವಾದುದು. ೧೮೧೯ರಲ್ಲಿ ಸ್ಪೇನಿನೊಡನೆ ಮಾಡಿಕೊಂಡ ಒಪ್ಪಂದದಿಂದ ಫ್ಲಾರಿಡ ದೊರೆತುದಲ್ಲದೆ, ದೇಶದ ಎಲ್ಲೆಯು ಶಾಂತಸಾಗರದವರೆಗೆ ವಿಸ್ತರಿಸಿತು. ಅಮೆರಿಕ ಖಂಡಗಳಲ್ಲಿ ಯೂರೋಪಿನ ರಾಷ್ಟ್ರಗಳು ಹೊಸದಾಗಿ ವಸಾಹತುಗಳನ್ನು ಸ್ಥಾಪಿಸಕೂಡದೆಂದು ೧೮೨೩ರಲ್ಲಿ ಘೋಷಿಸಿದ ಮನ್ರೋ ಸಿದ್ಧಾಂತದ ರಚನೆಯಲ್ಲಿ ಅವನ ಪಾತ್ರವೇ ದೊಡ್ಡದು.

೨. ಅಧ್ಯಕ್ಷ ಪದವಿ

೧೮೨೪ರ ಚುನಾವಣೆಯಲ್ಲಿ ನಾಲ್ವರು ಸ್ಪರ್ಧಿಸಿದರು. ಅಧ್ಯಕ್ಷನನ್ನು ಚುನಾಯಿಸುವ ಒಟ್ಟು ೨೬೧ ಚುನಾಯಕರ ಮತಗಳಲ್ಲಿ ಆಂಡ್ರೂ ಜಾಕ್ಸನನಿಗೆ ೯೯, ಆಡಮ್ಸನಿಗೆ ೮೪, ಕ್ರಾಫರ್ಡನಿಗೆ ೪೧, ಹೆನ್ರಿ ಕ್ಲೇಗೆ ೩೭ ಬಂದುವು. ಬಹುಮತಕ್ಕೆ ಬೇಕಾದ ೧೩೧ ಯಾರಿಗೂ ದೊರೆಯಲಿಲ್ಲ. ಇಂಥ ಸಂದರ್ಭದಲ್ಲಿ ಮೊದಲ ಮೂವರಲ್ಲಿ ಒಬ್ಬನನ್ನು ಪ್ರತಿನಿಧಿ ಸಭೆಯು, ಸಂಸ್ಥಾನಕ್ಕೆ ಒಂದು ಮತದಂತೆ, ಆರಿಸಬೇಕೆಂಬುದು ರಾಜ್ಯಾಂಗದ ನಿಯಮ. ೧೮೨೫ರ ಫೆಬ್ರವರಿ ೯ರಂದು ಇಪ್ಪತ್ತನಾಲ್ಕು ಸಂಸ್ಥಾನಗಳಲ್ಲಿ ಹದಿಮೂರು ಆಡಮ್ಸನ ಕಡೆ ನಿಂತುವು. ಕ್ಲೇಯು ತನ್ನ ಪ್ರಭಾವವನ್ನು ಆಡಮ್ಸನ ಪರವಾಗಿ ಬಳಸಿದ್ದನು. ಕೆಲವೇ ದಿನಗಳಲ್ಲಿ ಆಡಮ್ಸನು ಅವನಿಗೆ ವಿದೇಶಾಂಗ ಕಾರ್ಯದರ್ಶಿಯ ಸ್ಥಾನವನ್ನು ಕೊಟ್ಟನು. ಇದು ಭ್ರಷ್ಟ ಒಳಸಂಚೆಂದು ಜಾಕ್ಸನನ ಅನುಯಾಯಿಗಳು ನಾಲ್ಕು ವರ್ಷವೂ ಬಿಡದೆ ಸಾರಿದರು. ಒಪ್ಪಂದ ನಡೆದಿತ್ತೆಂಬುದಕ್ಕೆ ಖಚಿತವಾದ ಆಧಾರವಿಲ್ಲ. ಆದರೆ ಲೋಕದ ಕಣ್ಣಿಗೆ ಅದು ಹೇಗೆ ಕಾಣುವುದೆಂದು ಯೋಚಿಸದಿದ್ದುದು ಆಡಮ್ಸನ ದೊಡ್ಡ ಕೊರತೆ.

೧೮೨೫ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿಗೆ ಕಳುಹಿಸಿದ ಮೊದಲನೆಯ ಸಂದೇಶದಲ್ಲಿ ಅವನು ರಸ್ತೆಗಳು, ಕಾಲುವೆಗಳು, ರಾಷ್ಟ್ರೀಯ ವಿಶ್ವವಿದ್ಯಾನಿಲಯ, ಖಗೋಳ ವೇಧಶಾಲೆ ಇವೆಲ್ಲವನ್ನೂ ಕೇಂದ್ರ ಸರ್ಕಾರವು ಕೈಗೊಳ್ಳಬೇಕೆಂದು ಸೂಚಿಸಿದನು. ಯೂರೋಪಿನಲ್ಲಿ ನೂರಮೂವತ್ತಕ್ಕೂ ಹೆಚ್ಚು ವೇಧಶಾಲೆಗಳಿರುವಾಗ ಇಡೀ ಅಮೆರಿಕದಲ್ಲಿ ಒಂದಾದರೂ ಇಲ್ಲವೆಂದು ಮರುಗಿದನು. ಮತದಾರರ ಇಚ್ಛೆಗೆ ಅಂಜಿ ಕೈಕಟ್ಟಿ ಕೂಡಬಾರದೆಂಬ ಅರ್ಥದ ಅವನ ಮಾತನ್ನು ವಿರೋಧಿಗಳು ಹಿಡಿದು, ಈತನು ಪ್ರಜೆಗಳನ್ನು ಧಿಕ್ಕರಿಸುವ ಮನುಷ್ಯನೆಂದು ಪ್ರಚಾರ ಮಾಡಿದರು. ವೇಧಶಾಲೆಯ ಮಾತು ನಗೆಪಾಟಲಿಗೆ ಗುರಿಯಾಯಿತು. ಜಾರ್ಜಿಯದ ಕ್ರೀಕ್ ಜನಾಂಗದವರಿಂದ ಮೋಸದ ಒಪ್ಪಂದದ ಮೂಲಕ ಭೂಮಿಯನ್ನು ಕಸಿದುಕೊಂಡುದು ತಿಳಿದಾಗ ಅವನು ಅದನ್ನು ಬದಿಗಿರಿಸಿ ೧೮೨೬ರಲ್ಲಿ ಬೇರೊಂದು ಒಪ್ಪಂದ ಮಾಡಿಸಿದನು. ಜಾರ್ಜಿಯದ ಗವರ್ನರನು ಸಶಸ್ತ್ರ ಪ್ರತಿಭಟನೆಯ ಬೆದರಿಕೆ ಹಾಕಿದಾಗ ಮಾತ್ರ ಹಿಮ್ಮೆಟ್ಟಿದನು. ನ್ಯಾಯ ಯಾವುದೆಂದು ಬಲ್ಲವನಾದರೂ ಅದನ್ನು ನಡೆಸಲು ಬೇಕಾದ ಜನಬೆಂಬಲವನ್ನು ಕೂಡಿಸಿಕೊಳ್ಳಲಾರದ ಅಧ್ಯಕ್ಷ ಅವನು. ೧೮೨೮ರ ಚುನಾವಣೆಯಲ್ಲಿ ಜಾಕ್ಸನನಿಗೆ ೧೭೮, ಆಡಮ್ಸನಿಗೆ ೮೩ ಮತಗಳು ಬಂದುವು.

ಸೋಲಿನ ಮೇಲೆ ದುಃಖವೂ ಸೇರಿತು. ೧೮೨೯ರ ವಸಂತದಲ್ಲಿ ಹಿರಿಯ ಮಗನು ನೀರಿನಲ್ಲಿ ಮುಳುಗಿ ಸತ್ತನು. ಅರುವತ್ತೊಂದು ವರ್ಷದ ಆಡಮ್ಸನಿಗೆ ಪುಸ್ತಕ, ತೋಟ, ತಂದೆಯ ಚರಿತ್ರೆಯನ್ನು ಬರೆಯುವ ಸಂಕಲ್ಪ ಇಷ್ಟೇ ಉಳಿದಂತೆ ತೋರಿತು. ಅಂಥ ಸಮಯದಲ್ಲಿ ಊರಿನ ಕಡೆಯವರು ಪ್ರತಿನಿಧಿ ಸಭೆಗೆ ನಿಲ್ಲಬೇಕೆಂದು ಕೇಳಿದರು. ಅಧ್ಯಕ್ಷನಾಗಿದ್ದವನಿಗೆ ಇದು ಕುಂದಲ್ಲವೇ ಎಂಬ ಸಂದೇಹಕ್ಕೆ, ಜನಸೇವೆಯಿಂದ ಯಾವ ಮನುಷ್ಯನಿಗೂ ಹೀನತೆ ಬರುವುದಿಲ್ಲವೆಂದು ಉತ್ತರ ಕೊಟ್ಟನು. ೧೮೩೦ರಲ್ಲಿ ಭಾರಿ ಬಹುಮತದಿಂದ ಆಯ್ಕೆಯಾದನು.

೩. ಅರ್ಜಿಗಳೂ ಬಾಯಿಕಟ್ಟು ನಿಯಮವೂ

ಮುಂದಿನ ಸಂಗತಿಯನ್ನು ತಿಳಿಯಬೇಕಾದರೆ ಆ ಕಾಲದ ರಾಜ್ಯಾಂಗ ವ್ಯವಸ್ಥೆಯ ಮೂರು ಅಂಶಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, ಪ್ರತಿನಿಧಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸತಕ್ಕದ್ದೆಂದು ೧೭೮೭ರ ರಾಜ್ಯಾಂಗವು ವಿಧಿಸಿತ್ತು. ಮತವಿಲ್ಲದ ಗುಲಾಮರ ಸಂಖ್ಯೆಯಿಂದ ಅವರ ಒಡೆಯರ ಬಲವು ಪ್ರತಿನಿಧಿ ಸಭೆಯಲ್ಲಿ ಹೆಚ್ಚಿತು. ಎರಡನೆಯದು, ಸಂಸ್ಥಾನಗಳೊಳಗಿನ ಗುಲಾಮಗಿರಿಯು ಕಾಂಗ್ರೆಸ್ಸಿನ ಅಧಿಕಾರಕ್ಕೆ ಹೊರತಾದುದೆಂದು ಬಹುಮಂದಿ ಒಪ್ಪಿದ್ದರು; ಆದರೆ ರಾಜಧಾನಿಯಿರುವ ಕೊಲಂಬಿಯಾ ಜಿಲ್ಲೆಯು ನೇರವಾಗಿ ಕಾಂಗ್ರೆಸ್ಸಿನ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಅಲ್ಲಿ ಗುಲಾಮಗಿರಿಯನ್ನು ನಿಲ್ಲಿಸಲು ಕಾಂಗ್ರೆಸ್ಸಿಗೆ ಅಧಿಕಾರವಿದೆಯೆಂದು ವಾದಿಸಬಹುದಾಗಿತ್ತು. ಮೂರನೆಯದು, ೧೭೯೧ರ ಮೊದಲನೆಯ ತಿದ್ದುಪಡಿಯು ವಾಕ್‌ಸ್ವಾತಂತ್ರ್ಯದೊಡನೆ, ಕುಂದುಕೊರತೆಗಳ ನಿವಾರಣೆಗಾಗಿ ಸರ್ಕಾರಕ್ಕೆ ಅರ್ಜಿ ಸಲ್ಲಿಸುವ ಹಕ್ಕನ್ನೂ ಮೊಟಕುಗೊಳಿಸಕೂಡದೆಂದು ಹೇಳಿತ್ತು.

ಆದಕಾರಣ ಗುಲಾಮಗಿರಿಯ ವಿರೋಧಿಗಳಿಗೆ ಕೊಲಂಬಿಯಾ ಜಿಲ್ಲೆಯ ವಿಷಯವಾಗಿ ಅರ್ಜಿ ಬರೆಯುವುದು ನ್ಯಾಯಸಮ್ಮತವಾದ ಮಾರ್ಗವಾಯಿತು. ೧೮೩೧ರ ಡಿಸೆಂಬರ್ ೧೨ರಂದು, ಸಭೆಗೆ ಬಂದ ಮೊದಲ ತಿಂಗಳಲ್ಲಿಯೇ, ಆಡಮ್ಸನು ಪೆನ್ಸಿಲ್ವೇನಿಯದ ಜನರ ಇಂಥ ಹದಿನೈದು ಅರ್ಜಿಗಳನ್ನು ಮಂಡಿಸಿದನು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಜಿಲ್ಲೆಯಲ್ಲಿ ಗುಲಾಮಗಿರಿಯನ್ನು ರದ್ದುಮಾಡಬೇಕೆಂಬ ಕೋರಿಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ಅಂದೇ ಸ್ಪಷ್ಟವಾಗಿ ಹೇಳಿದನು. ಅವನು ಹೃದಯದಲ್ಲಿ ಗುಲಾಮಗಿರಿಯನ್ನು ದ್ವೇಷಿಸುತ್ತಿದ್ದನು. ೧೮೨೦ರಷ್ಟು ಹಿಂದೆಯೇ ಅದನ್ನು ದಿನಚರಿಯಲ್ಲಿ ಕಟುವಾಗಿ ಖಂಡಿಸಿದ್ದನು. ಆದರೆ ಒಕ್ಕೂಟವು ಒಡೆಯುವುದೆಂಬ ಭಯದಿಂದ ಬಹಿರಂಗವಾಗಿ ಮೌನ ವಹಿಸಿದ್ದನು.

ಕಾಲವು ಆ ಮೌನವನ್ನು ಉಳಿಯಗೊಡಲಿಲ್ಲ. ೧೮೩೧ರಲ್ಲಿ ವರ್ಜೀನಿಯದಲ್ಲಿ ನ್ಯಾಟ್ ಟರ್ನರನ ನಾಯಕತ್ವದಲ್ಲಿ ಗುಲಾಮರು ದಂಗೆಯೆದ್ದರು. ೧೮೩೩ರಲ್ಲಿ ಅಮೆರಿಕದ ಗುಲಾಮಗಿರಿ ವಿರೋಧಿ ಸಂಘವು ಸ್ಥಾಪಿತವಾಯಿತು. ೧೮೩೫ರಲ್ಲಿ ಆ ಸಂಘವು ಅಂಚೆಯ ಮೂಲಕ ಕಳುಹಿಸಿದ ಪತ್ರಿಕೆಗಳನ್ನು ಚಾರ್ಲ್ಸ್‌ಟನ್ನಿನ ಜನರ ಗುಂಪು ಬೀದಿಯಲ್ಲಿ ಸುಟ್ಟಿತು. ಅರ್ಜಿಗಳ ಓದುವಿಕೆಯೇ ದಂಗೆಗೆ ಪ್ರಚೋದನೆಯೆಂದು ದಕ್ಷಿಣದ ಸದಸ್ಯರು ವಾದಿಸತೊಡಗಿದರು. ದಕ್ಷಿಣ ಕ್ಯಾರೊಲಿನದ ಹೆನ್ರಿ ಪಿಂಕ್ನಿಯ ಅಧ್ಯಕ್ಷತೆಯ ಸಮಿತಿಯೊಂದರ ಸಲಹೆಯಂತೆ, ೧೮೩೬ರ ಮೇ ೨೬ರಂದು ಪ್ರತಿನಿಧಿ ಸಭೆಯು ೧೧೭ ಮತಗಳಿಂದ, ೬೮ ಮತಗಳ ವಿರೋಧವಾಗಿ, ಒಂದು ನಿರ್ಣಯವನ್ನು ಅಂಗೀಕರಿಸಿತು: ಗುಲಾಮಗಿರಿಗೆ ಯಾವ ರೀತಿಯಲ್ಲಾದರೂ ಸಂಬಂಧಿಸಿದ ಎಲ್ಲ ಅರ್ಜಿಗಳನ್ನೂ ಮುದ್ರಿಸದೆ, ಸಮಿತಿಗೆ ಒಪ್ಪಿಸದೆ, ಮೇಜಿನ ಮೇಲಿಡತಕ್ಕದ್ದು, ಅವುಗಳ ಮೇಲೆ ಮುಂದೆ ಯಾವ ಕ್ರಮವನ್ನೂ ಕೈಗೊಳ್ಳತಕ್ಕದ್ದಲ್ಲ.

‘ಮೇಜಿನ ಮೇಲಿಡುವುದು’ ಎಂಬ ಮಾತಿಗೆ ಇಲ್ಲಿ ವಿವರಣೆ ಬೇಕು. ಭಾರತದ ಶಾಸನಸಭೆಗಳಲ್ಲಿ ಕಾಗದಪತ್ರವನ್ನು ಸದನದ ಮೇಜಿನ ಮೇಲಿಟ್ಟರೆ ಅದನ್ನು ಸದಸ್ಯರ ಗಮನಕ್ಕೆ ತಂದಂತಾಯಿತು. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಇದರ ಅರ್ಥ ವಿರುದ್ಧವಾದುದು. ಅಲ್ಲಿ ಮೇಜಿನ ಮೇಲಿಟ್ಟ ವಿಷಯವು ಚರ್ಚೆಯಿಲ್ಲದೆ ಬದಿಗೆ ಸರಿಯುತ್ತದೆ. ಹೀಗೆ ಅರ್ಜಿ ಬಂದರೂ ಬಾರದಂತಾಯಿತು. ವಿರೋಧಿಗಳು ಇದನ್ನು ಬಾಯಿಕಟ್ಟು ನಿಯಮವೆಂದು ಕರೆದರು. ಆಡಮ್ಸನು ತನ್ನ ಮತವನ್ನು ಕೇಳಿದಾಗ, ಇದು ರಾಜ್ಯಾಂಗಕ್ಕೂ ಸಭೆಯ ನಿಯಮಗಳಿಗೂ ತನ್ನ ಮತದಾರರ ಹಕ್ಕುಗಳಿಗೂ ನೇರವಾದ ಭಂಗವೆಂದು ಗದ್ದಲದ ನಡುವೆಯೇ ಘೋಷಿಸಿದನು.

ನಿಯಮದ ಸಮರ್ಥಕರ ವಾದವು ಬರಿಯ ಹಟದ್ದಾಗಿರಲಿಲ್ಲ. ಅರ್ಜಿ ಸಲ್ಲಿಸುವುದು ಪ್ರಜೆಯ ಹಕ್ಕು ನಿಜ. ಸಲ್ಲಿಸಿದ ಕೂಡಲೆ ಆ ಹಕ್ಕು ಪೂರ್ತಿಯಾಯಿತು. ಅದನ್ನು ಚರ್ಚಿಸುವುದೂ ಬಿಡುವುದೂ ಸಭೆಯ ಇಷ್ಟವೆಂದು ಅವರು ಹೇಳಿದರು. ಆಡಮ್ಸನು ಇದಕ್ಕೆ ಕೊಟ್ಟ ಉತ್ತರದಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿದನು. ಕೋರಿಕೆಯನ್ನು ಈಡೇರಿಸುವುದು ಬೇರೆ, ಕೇಳುವುದು ಬೇರೆ. ಈಡೇರಿಸಲೇಬೇಕೆಂಬ ಕಟ್ಟು ಯಾವ ಸಭೆಗೂ ಇಲ್ಲ. ಕೇಳುವ ಕರ್ತವ್ಯವಾದರೋ ಹಕ್ಕಿನಲ್ಲಿಯೇ ಅಡಗಿದೆ. ಕೇಳುವವನಿಲ್ಲದ ಕಡೆ ಹೇಳುವ ಹಕ್ಕಿಗೆ ಅರ್ಥವಿಲ್ಲ. ಬೇಡಿಕೊಳ್ಳುವ ಹಕ್ಕು ರಾಜ್ಯಾಂಗಕ್ಕಿಂತಲೂ ಹಳೆಯದು, ನಿರಂಕುಶ ಪ್ರಭುವೂ ಅದನ್ನು ತನ್ನ ಪ್ರಜೆಗಳಿಗೆ ನಿರಾಕರಿಸುವುದಿಲ್ಲವೆಂಬುದು ಅವನ ವಾದದ ತಿರುಳು.

೪. ಸಭೆಯೊಳಗಿನ ಹೋರಾಟ

ನಿಯಮವು ಅಂಗೀಕಾರವಾದ ಬಳಿಕ ಅರ್ಜಿಗಳು ಕಡಿಮೆಯಾಗುವುದಕ್ಕೆ ಬದಲು ಪ್ರವಾಹದಂತೆ ಬರತೊಡಗಿದುವು. ಮನೆಮನೆಗೆ ಹೋಗಿ ಸಹಿ ಕೂಡಿಸುತ್ತಿದ್ದವರಲ್ಲಿ ಹೆಂಗಸರೇ ಬಹುಮಂದಿ. ಲಕ್ಷಾಂತರ ಸಹಿಗಳ ಈ ಅರ್ಜಿಗಳಲ್ಲಿ ಅನೇಕವು ಆಡಮ್ಸನ ಹೆಸರಿಗೇ ಬಂದುವು. ಅವನು ಒಂದೊಂದನ್ನೂ ಎತ್ತಿ, ಯಾವ ಊರಿನವರದು, ಎಷ್ಟು ಮಂದಿಯದು, ಏನು ಕೋರಿಕೆಯೆಂದು ಹೇಳಲಾರಂಭಿಸುವನು. ಸಭಾಧ್ಯಕ್ಷನು ನಿಯಮಬಾಹಿರವೆಂದು ತಡೆಯುವನು. ತಡೆದುದು ನಿಯಮಕ್ಕೆ ಅನುಸಾರವೇ ಎಂದು ಆಡಮ್ಸನು ಕ್ರಿಯಾಲೋಪವೆತ್ತುವನು. ಸಭಾನಿಯಮಗಳನ್ನು ಅವನಂತೆ ಬಲ್ಲವರು ಆ ಸದನದಲ್ಲಿ ಕಡಿಮೆ.

೧೮೩೭ರ ಫೆಬ್ರವರಿ ೬ರಂದು ಆತನು, ತಾವು ಗುಲಾಮರೆಂದು ಹೇಳಿಕೊಳ್ಳುವ ಇಪ್ಪತ್ತೆರಡು ಮಂದಿಯ ಅರ್ಜಿಯೊಂದು ತನ್ನ ಬಳಿ ಇದೆ, ಅದು ಈ ನಿಯಮಕ್ಕೆ ಒಳಪಡುವುದೇ ಎಂದು ಸಭಾಧ್ಯಕ್ಷನಾದ ಜೇಮ್ಸ್ ಪೋಲ್ಕನನ್ನು ಕೇಳಿದನು. ದಕ್ಷಿಣದ ಸದಸ್ಯರು ಸಿಡಿದೆದ್ದರು. ಖಂಡನಾ ನಿರ್ಣಯಗಳು ಒಂದರ ಮೇಲೊಂದು ಮಂಡಿತವಾದುವು. ಗದ್ದಲವು ತಾರಕಕ್ಕೇರಿದ ಮೇಲೆ, ಆ ಅರ್ಜಿಯು ಗುಲಾಮಗಿರಿಯನ್ನು ರದ್ದುಮಾಡಬಾರದೆಂದು ಕೋರುತ್ತದೆಂದು ಆಡಮ್ಸನು ತಿಳಿಸಿದನು. ಅರ್ಜಿಯಲ್ಲೇನಿದೆಯೆಂದು ಕೇಳದೆಯೇ ಶಿಕ್ಷೆಗೆ ಸಿದ್ಧರಾದವರ ಸ್ಥಿತಿ ಹಾಸ್ಯಾಸ್ಪದವಾಯಿತು. ಖಂಡನೆ ಬಿದ್ದುಹೋಯಿತು. ಆದರೂ ಗುಲಾಮರಿಗೆ ಅರ್ಜಿಯ ಹಕ್ಕಿಲ್ಲವೆಂಬ ನಿರ್ಣಯವನ್ನು ಸಭೆಯು ೧೬೨ ಮತಗಳಿಂದ ಅಂಗೀಕರಿಸಿತು. ವಿರೋಧಿಸಿದವರು ೧೮ ಮಂದಿ ಮಾತ್ರ. ಸಂಖ್ಯೆಯ ಈ ಅಂತರವು ಆತನು ಎಂಥ ಒಂಟಿತನದಲ್ಲಿ ನಿಂತಿದ್ದನೆಂಬುದನ್ನು ತಿಳಿಸುತ್ತದೆ.

೧೮೩೮ರಲ್ಲಿ ಟೆಕ್ಸಾಸನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳಬಾರದೆಂಬ ಅರ್ಜಿಗಳಿಗೆ ಹೆಂಗಸರು ಸಹಿ ಹಾಕಿದುದನ್ನು ಮೇರಿಲ್ಯಾಂಡಿನ ಸದಸ್ಯನೊಬ್ಬನು ಆಕ್ಷೇಪಿಸಿ, ಗೃಹಕೃತ್ಯವೇ ಅವರ ಧರ್ಮವೆಂದನು. ಜೂನ್ ೧೬ರಿಂದ ಜುಲೈ ೭ರವರೆಗೆ ದಿನವೂ ಬೆಳಗಿನ ಅವಧಿಯಲ್ಲಿ ಮುಂದುವರಿದ ತನ್ನ ಭಾಷಣದಲ್ಲಿ ಆಡಮ್ಸನು ಬೈಬಲಿನ ಡೆಬೋರಳನ್ನೂ ಎಸ್ತೇರಳನ್ನೂ ಸ್ವಾತಂತ್ರ್ಯ ಯುದ್ಧದ ಕಾಲದ ಸ್ತ್ರೀಯರನ್ನೂ ಉದಾಹರಿಸಿ, ದೇಶದ ಹಿತಾಹಿತಗಳಲ್ಲಿ ಹೆಂಗಸರಿಗೂ ಪಾಲುಂಟೆಂದು ಪ್ರತಿಪಾದಿಸಿದನು. ಮತದಾನದ ಹಕ್ಕಿಲ್ಲದ ಅವರಿಗೆ ಸರ್ಕಾರದೊಡನೆ ಮಾತನಾಡಲು ಇದ್ದ ದಾರಿ ಅರ್ಜಿಯೊಂದೇ ಎಂಬುದನ್ನು ಮರೆಯಬಾರದು.

ಮೊದಲು ಪ್ರತಿ ಅಧಿವೇಶನದಲ್ಲಿಯೂ ನವೀಕರಿಸಬೇಕಾಗಿದ್ದ ಬಾಯಿಕಟ್ಟು ನಿರ್ಣಯವು ೧೮೪೦ರ ಜನವರಿ ೨೮ರಂದು ಸಭೆಯ ಸ್ಥಾಯೀ ನಿಯಮವಾಯಿತು. ಇನ್ನು ಮುಂದೆ ಅಂಥ ಅರ್ಜಿಗಳನ್ನು ಸ್ವೀಕರಿಸುವುದೂ ಇಲ್ಲವೆಂದಾಯಿತು. ಆದರೆ ಈ ಕಠಿನತರವಾದ ನಿಯಮಕ್ಕೆ ದೊರೆತ ಬಹುಮತ ೧೧೪ಕ್ಕೆ ೧೦೮ ಮಾತ್ರ. ಉತ್ತರದ ಸದಸ್ಯರಲ್ಲಿ ಅನೇಕರು, ಗುಲಾಮಗಿರಿಯ ವಿಷಯದಲ್ಲಿ ಉದಾಸೀನರಾಗಿದ್ದವರೂ, ತಮ್ಮ ಮತದಾರರ ಬಾಯಿಗೆ ಬೀಗ ಹಾಕಲು ಹಿಂಜರಿಯತೊಡಗಿದ್ದರು.

ಹೋರಾಟದ ಪರಾಕಾಷ್ಠೆ ೧೮೪೨ರಲ್ಲಿ ಬಂದಿತು. ಜನವರಿ ೨೪ರಂದು ಆಡಮ್ಸನು ಮ್ಯಾಸಚೂಸೆಟ್ಸಿನ ಹೇವರ್‌ಹಿಲ್ ಊರಿನ ನಲವತ್ತಾರು ನಾಗರಿಕರ ಅರ್ಜಿಯನ್ನು ಮಂಡಿಸಿದನು. ಒಕ್ಕೂಟವನ್ನು ಶಾಂತಿಯುತವಾಗಿ ವಿಸರ್ಜಿಸಬೇಕೆಂಬುದು ಅವರ ಕೋರಿಕೆ. ಈ ಕೋರಿಕೆಯನ್ನು ಆಡಮ್ಸನು ಒಪ್ಪಿರಲಿಲ್ಲ. ಏಕೆ ಈಡೇರಿಸಲಾಗದೆಂಬುದನ್ನು ಕಾರಣಸಹಿತವಾಗಿ ತಿಳಿಸುವ ಉತ್ತರವನ್ನು ಸಮಿತಿಯೊಂದು ಸಿದ್ಧಪಡಿಸಬೇಕೆಂದು ಸೂಚಿಸಿದನು. ಆದರೂ ಕೆಂಟಕಿಯ ಥಾಮಸ್ ಮಾರ್ಷಲ್ ರಾಜದ್ರೋಹಕ್ಕೆ ಪ್ರೇರಣೆಯೆಂದು ಆರೋಪಿಸಿ ಖಂಡನಾ ನಿರ್ಣಯವನ್ನು ತಂದನು. ಎಪ್ಪತ್ತನಾಲ್ಕು ವರ್ಷದ ಮುದುಕನು ಎದ್ದು ನಿಂತು, ಸ್ವಾತಂತ್ರ್ಯ ಘೋಷಣೆಯ ಮೊದಲ ಭಾಗವನ್ನು ಗುಮಾಸ್ತನಿಂದ ಓದಿಸಿದನು. ಸರ್ಕಾರವನ್ನು ಬದಲಾಯಿಸುವ ಹಕ್ಕೇ ಪ್ರಜೆಗಳಿಗೆ ಉಂಟೆಂದು ದೇಶದ ಮೂಲಪತ್ರವು ಹೇಳುತ್ತಿರುವಾಗ, ಅದರ ವಿಷಯವಾಗಿ ಅರ್ಜಿ ಬರೆಯುವ ಹಕ್ಕು ಇಲ್ಲದೆ ಹೋಗುವುದು ಹೇಗೆಂದು ಕೇಳಿದನು.

ಎರಡು ವಾರಗಳ ಕಾಲ ಆತನು ತನ್ನನ್ನು ತಾನೇ ಸಮರ್ಥಿಸಿಕೊಂಡನು. ಈ ಮಾರ್ಗದ ಜಾಣ್ಮೆಯನ್ನು ಗಮನಿಸಬೇಕು. ಗುಲಾಮಗಿರಿಯ ವಿಷಯವನ್ನು ಸಭೆಯಲ್ಲಿ ಚರ್ಚಿಸಕೂಡದೆಂಬುದು ನಿಯಮ. ಆದರೆ ಆರೋಪಿಯು ತನ್ನ ರಕ್ಷಣೆಗಾಗಿ ಆಡುವ ಮಾತನ್ನು ತಡೆಯಲು ಯಾವ ನಿಯಮವೂ ಇರಲಿಲ್ಲ. ಆದುದರಿಂದ ಖಂಡನೆಯನ್ನು ತಂದವರೇ ಅವನಿಗೆ ವೇದಿಕೆಯನ್ನು ಒದಗಿಸಿದಂತಾಯಿತು. ಥಿಯೊಡೋರ್ ವೆಲ್ಡ್ ಎಂಬ ಗುಲಾಮಗಿರಿ ವಿರೋಧಿಯು ಆಧಾರಗಳನ್ನು ಹುಡುಕಿಕೊಡುತ್ತಿದ್ದನು. ರಕ್ಷಣೆಗೆ ಇನ್ನೂ ಹಲವು ದಿನಗಳು ಬೇಕೆಂದು ಆಡಮ್ಸನು ತಿಳಿಸಿದಾಗ ವಿರೋಧಿಗಳು ಬೇಸತ್ತರು. ಫೆಬ್ರವರಿ ೭ರಂದು ೧೦೬ಕ್ಕೆ ೯೩ ಮತಗಳಿಂದ ಇಡೀ ವಿಷಯವನ್ನು ಮೇಜಿನ ಮೇಲಿಡಲಾಯಿತು. ಸಾವಿರಾರು ಅರ್ಜಿಗಳನ್ನು ನುಂಗಿದ್ದ ಆ ಮೇಜು ಅಂದು ಅವನ ಮೇಲಿನ ಆರೋಪವನ್ನೂ ನುಂಗಿತು. ಅಂದೇ ಆತನು ಇನ್ನಷ್ಟು ಅರ್ಜಿಗಳನ್ನು ಮಂಡಿಸಲು ಎದ್ದನು.

೫. ಅಮಿಸ್ಟಾಡ್ ಮೊಕದ್ದಮೆ

ಇದೇ ವರ್ಷಗಳಲ್ಲಿ ಆಡಮ್ಸನು ಸಭೆಯ ಹೊರಗೆ ನಡೆಸಿದ ಒಂದು ಮೊಕದ್ದಮೆಯು ಅದೇ ತತ್ತ್ವದ ಮತ್ತೊಂದು ಮುಖ. ೧೮೩೯ರಲ್ಲಿ ಕ್ಯೂಬದ ಕರಾವಳಿಯಲ್ಲಿ ಅಮಿಸ್ಟಾಡ್ ಎಂಬ ಹಡಗಿನಲ್ಲಿ ಐವತ್ತಮೂರು ಮಂದಿ ಆಫ್ರಿಕನರನ್ನು ಸಾಗಿಸಲಾಗುತ್ತಿತ್ತು. ಸ್ಪೇನಿನ ಶಾಸನವೇ ನಿಷೇಧಿಸಿದ್ದ ವ್ಯಾಪಾರದಲ್ಲಿ ಅಪಹೃತರಾದ ಅವರು ಸೆಂಗ್ಬೆ ಪಿಯೆ ಎಂಬವನ ಮುಂದಾಳುತನದಲ್ಲಿ ಹಡಗನ್ನು ವಶಪಡಿಸಿಕೊಂಡರು. ತಾಯ್ನಾಡಿಗೆ ಹೊರಟವರನ್ನು ಅವರ ಸ್ಪ್ಯಾನಿಷ್ ಒಡೆಯರು ವಂಚಿಸಿ ಉತ್ತರಕ್ಕೆ ನಡೆಸಿದುದರಿಂದ ಅಮೆರಿಕದ ನೌಕಾಪಡೆಯ ಕೈಗೆ ಸಿಕ್ಕಿ ಸೆರೆಯಾದರು. ಅಧ್ಯಕ್ಷ ವ್ಯಾನ್ ಬ್ಯೂರನನ ಸರ್ಕಾರವು ಅವರನ್ನು ಸ್ಪೇನಿಗೆ ಒಪ್ಪಿಸಲು ಆತುರಪಟ್ಟು, ೧೮೪೦ರ ಜನವರಿಯಲ್ಲಿ ಕೆಳಗಿನ ನ್ಯಾಯಾಲಯದ ತೀರ್ಪು ಬರುವ ಮೊದಲೇ ಹಡಗೊಂದನ್ನು ನ್ಯೂ ಹೇವನ್ ಬಂದರಿನಲ್ಲಿ ಸಿದ್ಧವಾಗಿರಿಸಿತ್ತು.

ಸುಪ್ರೀಂ ಕೋರ್ಟಿನಲ್ಲಿ ರೋಜರ್ ಬಾಲ್ಡ್ವಿನನೊಡನೆ ಆಡಮ್ಸನು ಸೆರೆಯಾಳುಗಳ ಪರವಾಗಿ ವಾದಿಸಲು ಒಪ್ಪಿದನು. ೧೮೪೧ರ ಫೆಬ್ರವರಿ ೨೪ರಂದು ನಾಲ್ಕು ಗಂಟೆಗೂ ಮೀರಿ ಮಾತನಾಡಿ, ನ್ಯಾಯಾಧೀಶರೊಬ್ಬರ ಆಕಸ್ಮಿಕ ಮರಣದಿಂದ ನಿಂತಿದ್ದ ವಾದವನ್ನು ಮಾರ್ಚ್ ೧ರಂದು ಮುಗಿಸಿದನು. ನ್ಯಾಯಾಲಯದ ಗೋಡೆಯ ಮೇಲೆ ತೂಗುಹಾಕಿದ್ದ ಸ್ವಾತಂತ್ರ್ಯ ಘೋಷಣೆಯ ಪ್ರತಿಯನ್ನು ತೋರಿಸಿ, ಈ ಮೊಕದ್ದಮೆಗೆ ಅನ್ವಯಿಸುವ ಶಾಸನ ಅದೇ ಎಂದನು. ಮಾರ್ಚ್ ೯ರಂದು ನ್ಯಾಯಾಧೀಶ ಸ್ಟೋರಿಯು ಓದಿದ ತೀರ್ಪು ಅವರನ್ನು ಸ್ವತಂತ್ರರೆಂದು ಸಾರಿತು. ಬದುಕುಳಿದ ಮೂವತ್ತೈದು ಮಂದಿ ೧೮೪೨ರ ಜನವರಿಯಲ್ಲಿ ಸಿಯೆರಾ ಲಿಯೋನನ್ನು ತಲಪಿದರು. ತೀರ್ಪಿನ ವ್ಯಾಪ್ತಿ ಸಣ್ಣದು. ಅಮೆರಿಕದಲ್ಲಿ ಹುಟ್ಟಿದ ಗುಲಾಮರಿಗೆ ಅದರಿಂದ ಏನೂ ದೊರೆಯಲಿಲ್ಲ. ಆದರೂ ಸರ್ಕಾರವು ಸರಕೆಂದು ಎಣಿಸಿದವರು ನ್ಯಾಯಾಲಯದಲ್ಲಿ ಮನುಷ್ಯರಾಗಿ ನಿಂತು ತಮ್ಮ ಅಹವಾಲನ್ನು ಕೇಳಿಸಿಕೊಂಡರು.

೬. ಜಯ, ಮರಣ, ಮೌಲ್ಯಮಾಪನ

ಪ್ರತಿ ಅಧಿವೇಶನದ ಆರಂಭದಲ್ಲಿಯೂ ಆಡಮ್ಸನು ಬಾಯಿಕಟ್ಟು ನಿಯಮವನ್ನು ರದ್ದುಮಾಡುವ ಸೂಚನೆಯನ್ನು ತರುತ್ತಿದ್ದನು; ಪ್ರತಿಸಲವೂ ಸೋಲುತ್ತಿದ್ದನು. ೧೮೪೪ರ ಡಿಸೆಂಬರ್ ೩ರಂದು ೧೦೮ಕ್ಕೆ ೮೦ ಮತಗಳಿಂದ ಸೂಚನೆಯು ಅಂಗೀಕೃತವಾಯಿತು. ಉತ್ತರದ ಡೆಮೊಕ್ರಾಟಿಕ್ ಸದಸ್ಯರು ದಕ್ಷಿಣದ ಮಿತ್ರರನ್ನು ಕೈಬಿಟ್ಟುದು ಇದಕ್ಕೆ ಕಾರಣ. ಆತನ ಇತರ ಶ್ರಮಗಳಲ್ಲಿ ಒಂದನ್ನು ಹೆಸರಿಸಬೇಕು: ಇಂಗ್ಲೆಂಡಿನ ಜೇಮ್ಸ್ ಸ್ಮಿತ್ಸನ್ ಜ್ಞಾನಪ್ರಸಾರಕ್ಕಾಗಿ ಬಿಟ್ಟುಹೋದ ಐದು ಲಕ್ಷ ಡಾಲರುಗಳಿಗೂ ಮೀರಿದ ನಿಧಿಯು ದುರ್ವ್ಯಯವಾಗದಂತೆ ಕಾದು, ೧೮೪೬ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯು ಸ್ಥಾಪಿತವಾಗುವಂತೆ ಮಾಡಿದವರಲ್ಲಿ ಆತನು ಪ್ರಮುಖ. ೧೮೪೩ರಲ್ಲಿ ಸಿನ್ಸಿನಾಟಿಯ ವೇಧಶಾಲೆಗೆ ಆತನೇ ಅಸ್ತಿಭಾರ ಹಾಕಿದನು.

೧೮೪೬ರ ಮೇ ತಿಂಗಳಲ್ಲಿ ಮೆಕ್ಸಿಕೋ ಯುದ್ಧವನ್ನು ವಿರೋಧಿಸಿ ಮತ ಕೊಟ್ಟ ಹದಿನಾಲ್ಕು ಸದಸ್ಯರಲ್ಲಿ ಆತನೂ ಒಬ್ಬ. ೧೮೪೮ರ ಫೆಬ್ರವರಿ ೨೧ರಂದು ಆ ಯುದ್ಧದ ಸೇನಾನಿಗಳನ್ನು ವಂದಿಸುವ ಸೂಚನೆಗೆ ‘ಇಲ್ಲ’ವೆಂದು ಗಟ್ಟಿಯಾಗಿ ಮತ ಹೇಳಿದ ಸ್ವಲ್ಪ ಹೊತ್ತಿನಲ್ಲಿ ತನ್ನ ಸ್ಥಾನದಲ್ಲಿಯೇ ಕುಸಿದನು. ಸಭಾಧ್ಯಕ್ಷನ ಕೊಠಡಿಗೆ ಎತ್ತಿಕೊಂಡು ಹೋದರು. ಎರಡು ದಿನಗಳ ಬಳಿಕ, ೨೩ರಂದು, ಅಲ್ಲಿಯೇ ಪ್ರಾಣ ಬಿಟ್ಟನು. ಇಲಿನಾಯ್ ಸಂಸ್ಥಾನದಿಂದ ಮೊದಲ ಸಲ ಆಯ್ಕೆಯಾಗಿ ಬಂದಿದ್ದ ಅಬ್ರಹಾಂ ಲಿಂಕನ್ ಆಗ ಅದೇ ಸಭೆಯ ಸದಸ್ಯನಾಗಿದ್ದನು. ಯುದ್ಧಕಾಲದಲ್ಲಿ ಸರ್ಕಾರಕ್ಕೆ ಒದಗುವ ವಿಶೇಷಾಧಿಕಾರದಿಂದ ಗುಲಾಮರನ್ನು ಬಿಡುಗಡೆ ಮಾಡಬಹುದೆಂದು ಆಡಮ್ಸನು ೧೮೩೬ರಲ್ಲಿಯೇ ವಾದಿಸಿದ್ದನು. ೧೮೬೩ರಲ್ಲಿ ಲಿಂಕನ್ ಹೊರಡಿಸಿದ ವಿಮೋಚನೆಯ ಘೋಷಣೆಯು ಯುದ್ಧಾಧಿಕಾರದ ಮೇಲೆಯೇ ನಿಂತಿತು.

ಆಡಮ್ಸನನ್ನು ದೋಷರಹಿತನೆಂದು ಚಿತ್ರಿಸುವುದು 사ಲ್ಲದು. ೧೮೧೨ರ ಯುದ್ಧಕಾಲದಲ್ಲಿ ಬ್ರಿಟಿಷರೊಡನೆ ಹೊರಟುಹೋದ ಗುಲಾಮರಿಗಾಗಿ ಅವರ ಒಡೆಯರಿಗೆ ಪರಿಹಾರ ದೊರಕಿಸಲು ರಾಯಭಾರಿಯಾಗಿ ಅವನೇ ಒತ್ತಾಯಿಸಿದ್ದನು. ಅಧಿಕಾರದಲ್ಲಿದ್ದಾಗ ಗುಲಾಮಗಿರಿಯ ವಿರುದ್ಧ ಬಹಿರಂಗವಾಗಿ ಬಾಯಿ ತೆರೆಯಲಿಲ್ಲ. ಸ್ವಭಾವದಲ್ಲಿ ಬಿರುಸು, ಮಾತಿನಲ್ಲಿ ಚುಚ್ಚು, ವಿರೋಧಿಗಳನ್ನು ಕ್ಷಮಿಸದ ಛಲ ಇವು ಅವನ ದಿನಚರಿಯ ಪುಟಪುಟದಲ್ಲಿಯೂ ಕಾಣುತ್ತವೆ. ಆದರೆ ಅಧ್ಯಕ್ಷನಾಗಿ ಅವನನ್ನು ಸೋಲಿಸಿದ ಹಟವೇ ಸದಸ್ಯನಾಗಿ ಅವನಿಗೆ ನೆರವಾಯಿತು. ಅಧ್ಯಕ್ಷನು ಅನೇಕರನ್ನು ಒಲಿಸಿಕೊಂಡು ಕಾರ್ಯ ನಡೆಸಬೇಕು; ಒಂದು ನಿಯಮವನ್ನು ಪ್ರಶ್ನಿಸುವ ಸದಸ್ಯನಿಗೆ ಬೇಕಾದುದು ನಿಯಮಗಳ ಜ್ಞಾನವೂ ಬೇಸರವಿಲ್ಲದ ತಾಳ್ಮೆಯೂ.

ಬಾಯಿಕಟ್ಟು ನಿಯಮವು ಹೋದುದರಿಂದ ಒಬ್ಬ ಗುಲಾಮನೂ ಬಿಡುಗಡೆ ಹೊಂದಲಿಲ್ಲ. ಅದಕ್ಕೆ ಮುಂದೆ ಭೀಕರವಾದ ಅಂತರ್ಯುದ್ಧವೇ ಬೇಕಾಯಿತು. ಹಾಗಾದರೆ ಎಂಟು ವರ್ಷಗಳ ಹೋರಾಟದ ಫಲವೇನು? ದೂರದ ದಕ್ಷಿಣದ ಗುಲಾಮಗಿರಿಯು ತಮಗೆ ಸಂಬಂಧಿಸಿದುದಲ್ಲವೆಂದು ನಂಬಿದ್ದ ಉತ್ತರದ ರೈತನೂ ವ್ಯಾಪಾರಿಯೂ, ಆ ಪದ್ಧತಿಯನ್ನು ಉಳಿಸುವುದಕ್ಕಾಗಿ ತಮ್ಮ ಸ್ವಂತ ಅರ್ಜಿಗೂ ತಡೆ ಬರುವುದನ್ನು ಕಂಡರು. ಒಬ್ಬರ ದಾಸ್ಯವನ್ನು ರಕ್ಷಿಸಲು ಮತ್ತೊಬ್ಬರ ಸ್ವಾತಂತ್ರ್ಯವನ್ನು ಕುಗ್ಗಿಸಬೇಕಾಗುತ್ತದೆಂಬ ಈ ಅರಿವನ್ನು ಮೂಡಿಸಿದುದು ಆಡಮ್ಸನ ಮುಖ್ಯ ಸಾಧನೆ. ತಾನು ಒಪ್ಪದ ಕೋರಿಕೆಯನ್ನೂ ಸಭೆಯು ಕೇಳಬೇಕೆಂದು ಅವನು ಹಿಡಿದ ಪಟ್ಟು ಪ್ರತಿನಿಧಿ ಸರ್ಕಾರದ ಚರಿತ್ರೆಯನ್ನು ಅಭ್ಯಾಸ ಮಾಡುವವರು ಮತ್ತೆ ಮತ್ತೆ ಪರಿಶೀಲಿಸಬೇಕಾದ ವಿಷಯ.